8 ಜಿಬಿ ರ‍್ಯಾಮಲ್ಲಿ ಆಲ್ಬಂ ಕೆಲಸ ಸಾಗ್ತಿಲ್ಲ, ವರ್ಚುವಲ್ ಮೆಮೊರಿ ಏರಿಸಿದೋರು ಅನುಭವ ಹೇಳಿ

ಸ್ಟುಡಿಯೋ ಹುಡುಗ: ಲ್ಯಾಪ್‌ಟಾಪು ಹಳೇದು, ಹಾರ್ಡ್ ಡಿಸ್ಕೇ ಇರೋದು. 12×36 ಇಂಚಿನ ಆಲ್ಬಂ ಶೀಟು ಫೋಟೋಶಾಪಲ್ಲಿ ತೆಗೆದ್ರೆ ಹ್ಯಾಂಗು. ವರ್ಚುವಲ್ ಮೆಮೊರಿಗೆ, ಅಂದ್ರೆ ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕಲ್ಲಿ ಬಳಸೋ ಪೇಜ್ ಫೈಲಿಗೆ, 16 ಜಿಬಿ ಕೊಡು ಅಂತಿದಾನೆ ಫ್ರೆಂಡು. ಕೊಡ್ಲಾ, ರ‍್ಯಾಮೇ ಹಾಕಿಸ್ಲಾ?

ಹುಬ್ಬಳ್ಳಿ ಡಿಟಿಪಿ: ನಾ ಕೊಟ್ಟು ಕೈ ಸುಟ್ಕೊಂಡೇನ್ರಿ. ಸಿ ಡ್ರೈವ್‌ನಾಗ ಖಾಲಿ ಇದ್ದದ್ದ 30 ಜಿಬಿ, ಅದರಾಗ 24 ಪೇಜ್ ಫೈಲಿಗೆ ಬರದೆ. ಎರಡ ಶೀಟ್ ಮುಗಿಯೂದ್ರಾಗ ಸ್ಕ್ರ್ಯಾಚ್ ಡಿಸ್ಕ್ ಫುಲ್ ಅಂತು. ಫೋಟೋಶಾಪ್ ತನ್ನ ಕೆಲಸಕ್ಕ ಡಿಸ್ಕಿನಾಗ ತಗೊಳ್ಳೂ ತಾತ್ಕಾಲಿಕ ಜಾಗ, ಅಂದ್ರ ಸ್ಕ್ರ್ಯಾಚ್, ಬ್ಯಾರೆ, ವಿಂಡೋಸಿನ ಪೇಜ್ ಫೈಲ್ ಬ್ಯಾರೆ, ನನಗ ಎರಡೂ ಒಂದ ಡ್ರೈವ್‌ನಾಗ ಜಗಳಾಡಿದ್ವು. 300 ಡಿಪಿಐನಾಗ ಆ ಶೀಟಿನ ಒಂದ ಲೇಯರ್ ತುಂಬಾ ಫೋಟೋ ಇದ್ರ ಸುಮಾರು 110 ಎಂಬಿ ಆಕ್ಕತಿ, ಇಪ್ಪತ್ತ ಲೇಯರ್ ಹಾಕ್ರಿ, ನೀವ ಲೆಕ್ಕಾ ಮಾಡ್ರಿ. ಅವತ್ತ ರಾತ್ರಿ ಫೈಲ್ ಪ್ರೆಸ್ಸಿಗೆ ಹೋಗ್ಲಿಲ್ಲ, ಪಾರ್ಟಿ 1,800 ರೂಪಾಯಿ ಮುರ್ಕೊಂಡ. ಇವತ್ತಿಗೂ ಹೊಟ್ಟಿ ಉರೀತದ.

ದಾವಣಗೆರೆ ಆಲ್ಬಂ: ಸುಮ್ನೆ ರ‍್ಯಾಮ್ ಹಾಕ್ಸಿ. ಆದ್ರೆ ನನ್ ತರ ಮೋಸ ಹೋಗ್ಬೇಡಿ, ನಂದಕ್ಕೆ ಬೇಕಾಗಿದ್ದು 1.35 ವೋಲ್ಟಿನ ಡಿಡಿಆರ್3ಎಲ್, ಅಂಗಡಿಯೋನು ಕೊಟ್ಟಿದ್ದು 1.5 ವೋಲ್ಟಿನ ಬರೀ ಡಿಡಿಆರ್3, ಸ್ವಿಚ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ ಸ್ಕ್ರೀನ್ ಮಾತ್ರ ಕಪ್ಪು, ಮದರ್‌ಬೋರ್ಡೇ ಹೋಯ್ತು ಅಂತ ಬೆವತುಹೋದೆ. ವಾಪಸ್ ಕೇಳಿದ್ರೆ ಸ್ಟಿಕರ್ ಕಿತ್ತಿದೆ ಅಂದ. 1,450 ರೂಪಾಯಿ, ಬಸ್ ಚಾರ್ಜು ಎರಡು ಸಲ, ಒಂದು ದಿನದ ಕೆಲಸ. ಆಮೇಲೆ ಆನ್‌ಲೈನಲ್ಲಿ ಸರಿಯಾದ್ದು ತರಿಸ್ದೆ, ಇವತ್ತಿನವರೆಗೂ ಒಂದು ಹ್ಯಾಂಗ್ ಇಲ್ಲ.

ಬೆಂಗಳೂರು ವಿಡಿಯೋ: ನಂದು 16 ಜಿಬಿ, ಎಸ್‌ಎಸ್‌ಡಿ ಸವೆಯುತ್ತೆ ಅಂತ ಯಾರೋ ಹೇಳಿದ್ದು ಕೇಳಿ ಪೇಜ್ ಫೈಲ್ ಪೂರ್ತಿ ತೆಗೆದೆ. ರಿಸೆಪ್ಷನ್ ವಿಡಿಯೋ ಎಕ್ಸ್‌ಪೋರ್ಟು 82 ಪರ್ಸೆಂಟಿಗೆ ಮೂರು ಸಲ ಬಿತ್ತು. ಟಾಸ್ಕ್ ಮ್ಯಾನೇಜರ್ ನೋಡಿದ್ರೆ ರ‍್ಯಾಮ್ 3 ಜಿಬಿ ಖಾಲಿ ಇದೆ! ಕೆಳಗೆ ಕಮಿಟೆಡ್ 15.7/15.9 ಜಿಬಿ, ಅಲ್ಲಿತ್ತು ರೋಗ. ಪ್ರೋಗ್ರಾಂಗಳು ಮೊದಲೇ ಕಾಯ್ದಿರಿಸಿದ ಜಾಗಾನೂ ಆ ಲೆಕ್ಕಕ್ಕೆ ಸೇರುತ್ತೆ, ಮಿತಿ ಅಂದ್ರೆ ರ‍್ಯಾಮ್ ಪ್ಲಸ್ ಪೇಜ್ ಫೈಲು. ಆಟೋಮ್ಯಾಟಿಕ್‌ಗೆ ಬಿಟ್ಟೆ, ಅವತ್ತಿಂದ ಒಂದು ಸಲಾನೂ ಬಿದ್ದಿಲ್ಲ.

ಹುಬ್ಬಳ್ಳಿ ಡಿಟಿಪಿ: ಎಸ್‌ಎಸ್‌ಡಿ ಮ್ಯಾಗ ಪೇಜ್ ಫೈಲ್ ಇಟ್ರ ಅದು ಸಾಯ್ತದ. ಮಂದಿಗೆ ತಪ್ಪ ಹೇಳಬ್ಯಾಡ್ರಿ.

ಬೆಂಗಳೂರು ವಿಡಿಯೋ: ಐದು ವರ್ಷದಿಂದ ಇಟ್ಟಿದೀನಿ ಸ್ವಾಮಿ, ಎಸ್‌ಎಸ್‌ಡಿ ಹೆಲ್ತ್ ಇನ್ನೂ 91 ಪರ್ಸೆಂಟ್ ತೋರಿಸ್ತಿದೆ. ನೀವು 30ರಲ್ಲಿ 24 ಬರ್ದು ಪೇಜ್ ಫೈಲನ್ನೇ ಬೈತಿದೀರಲ್ಲ.

ಹುಬ್ಬಳ್ಳಿ ಡಿಟಿಪಿ: 16 ಜಿಬಿ ಇಟ್ಕೊಂಡವ್ರು ನಮಗ ಬುದ್ಧಿ ಹೇಳಾಕ ಬರಬ್ಯಾಡ್ರಿ. ಸೀಜನ್ನಾಗ ಪಾರ್ಟಿ ಬಾಗಲಕ್ಕ ಬಂದು ನಿಂತಾಗ ಗೊತ್ತಾಗತೈತಿ.

ಮೈಸೂರು ಸರ್ವೀಸ್: ದಾವಣಗೆರೆಯವರೇ, ಎಲ್ಲಾ ಅಂಗಡಿಯವರೂ ಹಾಗಲ್ಲ. ನೀವು ಮಾಡೆಲ್ ನಂಬರ್ ಹೇಳಿದ್ರಾ? ಹಳೇ ಕಡ್ಡಿ ಬಿಚ್ಚಿ ತೋರಿಸಿದ್ರಾ?

ದಾವಣಗೆರೆ ಆಲ್ಬಂ: ಲ್ಯಾಪ್‌ಟಾಪೇ ತಗೊಂಡೋಗಿದ್ದೆ ಸಾರ್! ಅವನೇ ಬಿಚ್ಚಿದ್ದು!

ಸ್ಟುಡಿಯೋ ಹುಡುಗ: ಅಣ್ಣಂದಿರಾ, ನಂದ್ರಲ್ಲಿ ಕಮಿಟೆಡ್ 13.1/13.4 ತೋರಿಸ್ತಿದೆ, ಸಿ ಡ್ರೈವಲ್ಲಿ 60 ಜಿಬಿ ಖಾಲಿ. ಈಗ?

ಮೈಸೂರು ಸರ್ವೀಸ್: ಬಿಲ್ ಇದ್ಯಾ ದಾವಣಗೆರೆಯವರೇ? ಬಿಲ್ ಇಲ್ದೆ ಯಾವ ಅಂಗಡಿಯೋನೂ ವಾಪಸ್ ತಗೊಳ್ಳಲ್ಲ.