ಮಾರಿಯೋ ಲ್ಯಾಂಡ್ 2 ಸೇವ್ ಉಳೀತಿಲ್ಲ, ಒಳಗಿನ ಸೆಲ್ ಹೋಯ್ತಾ?

ಮಲ್ನಾಡ್_ಮಾರಿಯೋ:
ಎಲ್ರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ದುಬೈಯಿಂದ ತಂದ್ಕೊಟ್ಟಿದ್ದ ಗೇಮ್ ಬಾಯ್ (ಕೈಯಲ್ಲಿ ಹಿಡ್ಕೊಂಡು ಆಡೋ ವಿಡಿಯೋ ಗೇಮ್ ಮಶೀನು) ಇನ್ನೂ ಇಟ್ಕೊಂಡಿದೀನಿ, ಬೂದು ಬಣ್ಣದ ದಪ್ಪದ್ದು, 4 ಪೆನ್ಸಿಲ್ ಸೆಲ್ ಹಾಕೋದು. ಜೊತೆಗೆ ಸೂಪರ್ ಮಾರಿಯೋ ಲ್ಯಾಂಡ್ 2 ಕ್ಯಾಸೆಟ್. ಈಗ ಮಗಳು ಆಡ್ತಿದಾಳೆ, ಎರಡನೇ ಕ್ಲಾಸು. ಹೋದ ವಾರ ಮೂರು ಚಿನ್ನದ ಕಾಯಿನ್ ಗೆದ್ದಿದ್ಲು, ರಾತ್ರಿ ನೋಡಿದ್ರೆ ಒಂದೂ ಇಲ್ಲ, ಅತ್ತೇಬಿಟ್ಲು. ಮತ್ತೆ ಕೂತು ಎರಡು ವಾಪಸ್ ತಗೊಂಡ್ಲು, ಭಾನುವಾರ ಆನ್ ಮಾಡಿದ್ರೆ ಈ ಸಲ ಮ್ಯಾಪೇ ಮೊದಲಿಂದ ಶುರುವಾಗ್ತಿದೆ. ಪಿನ್ ಊದಿ ಊದಿ ಹಾಕಿದೆ, ಏನೂ ಆಗ್ಲಿಲ್ಲ. ಕ್ಯಾಸೆಟ್ ಒಳಗಿನ ಸೆಲ್ ಬದಲಾಯಿಸ್ಬೇಕಾ? ಅಥವಾ ಕ್ಯಾಸೆಟ್ಟೇ ಹೋಯ್ತಾ?

ಬೆಸುಗೆ_ಬೆಂಗ್ಳೂರು:
ಸರ್ ಮೊದ್ಲು ಊದೋದು ನಿಲ್ಲಿಸಿ, ಬಾಯಿ ತೇವ ಪಿನ್ ಮೇಲೆ ಕೂತು ಕಿಲುಬು ಹಿಡಿಯುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಇಯರ್ ಬಡ್‌ಗೆ ಹಾಕಿ ಒರೆಸಿ, ಒಣಗಿದ್ಮೇಲೆ ಹಾಕಿ.

ಇನ್ನು ನೀವು ಹೇಳಿದ್ದು ಒಂದಲ್ಲ ಎರಡು ಬೇರೆ ಬೇರೆ ವಿಷ್ಯ. ಮೊದಲ್ನೇ ಸಲ ಕಾಯಿನ್ ಮಾತ್ರ ಹೋಗಿದ್ವಾ, ಗೆದ್ದಿದ್ದ ಲೆವೆಲ್ ಎಲ್ಲಾ ಹಾಗೇ ಇತ್ತಾ? ಆ ದಿನ ಅವಳಿಗೆ ಗೇಮ್ ಓವರ್ ಆಗಿತ್ತಾ ಕೇಳಿ ನೋಡಿ.

ಮಲ್ನಾಡ್_ಮಾರಿಯೋ:
ಹೌದು ಸರ್, ದಾರಿ ಎಲ್ಲಾ ಓಪನ್ನೇ ಇತ್ತು. ಕೇಳ್ದೆ, ಲೈಫ್ ಎಲ್ಲಾ ಖಾಲಿ ಆಗಿತ್ತಂತೆ.

ಬೆಸುಗೆ_ಬೆಂಗ್ಳೂರು:
ಹಾಗಾದ್ರೆ ಅದು ರಿಪೇರಿ ವಿಷ್ಯ ಅಲ್ಲ, ಆಟದ ನಿಯಮಾನೇ ಹಾಗೆ. ಈ ಆಟದಲ್ಲಿ ಗೇಮ್ ಓವರ್ ಆದ್ರೆ ಗೆದ್ದಿದ್ದ ಚಿನ್ನದ ಕಾಯಿನ್ ಎಲ್ಲಾ ಬಾಸ್‌ಗಳ (ಒಂದೊಂದು ಭಾಗದ ಕೊನೇಲಿ ಬರೋ ದೊಡ್ಡ ಶತ್ರುಗಳ) ಕೈಗೆ ವಾಪಸ್ ಹೋಗುತ್ತೆ, ಆ ಬಾಸ್‌ಗಳನ್ನ ಮತ್ತೆ ಸೋಲಿಸ್ಬೇಕು, ಆರೂ ಕಾಯಿನ್ ಸೇರೋವರೆಗೂ ಖಳನಾಯಕ ವಾರಿಯೋ ಕೋಟೆ ಬಾಗಿಲು ತೆಗೆಯಲ್ಲ. ಮಕ್ಕಳಿಗೆ ಇದು ತುಂಬಾ ಕಠಿಣ ಅಂತ ನನಗೆ ಆಗ್ಲೂ ಅನ್ನಿಸ್ತಿತ್ತು, ಈಗ್ಲೂ ಅನ್ಸುತ್ತೆ. ಫೈಲ್ ಆರಿಸೋ ಸ್ಕ್ರೀನಲ್ಲಿ ಸೆಲೆಕ್ಟ್ ಬಟನ್ ಒತ್ತಿದ್ರೆ ಈಸಿ ಮೋಡ್ ಬರುತ್ತೆ, ಅವಳಿಗೆ ಅದರಲ್ಲಿ ಆಡೋಕೆ ಹೇಳಿ.

ಭಾನುವಾರ ಆಗಿದ್ದು ಮಾತ್ರ ಸೆಲ್ಲೇ ಇರ್ಬೇಕು. 1992ರ ಆಟ ಅದು, ಸೇವ್ ಎಲ್ಲಾ ಒಂದು ಚಿಕ್ಕ ರ‍್ಯಾಮ್ ಚಿಪ್‌ನಲ್ಲಿ ಕೂತಿರುತ್ತೆ, ಗೇಮ್ ಬಾಯ್ ಆಫ್ ಆದಾಗ ಆ ಚಿಪ್‌ಗೆ ಕರೆಂಟ್ ಕೊಡೋದು ಕ್ಯಾಸೆಟ್ ಒಳಗಿನ 3 ವೋಲ್ಟ್ ಸೆಲ್. ಅದು ಸತ್ತರೂ ಆಟ ಮಾತ್ರ ಚೆನ್ನಾಗೇ ಓಡುತ್ತೆ, ಯಾಕಂದ್ರೆ ಆನ್ ಇದ್ದಾಗ ಕರೆಂಟ್ ಮಶೀನಿಂದಾನೇ ಬರುತ್ತೆ, ಅದಕ್ಕೇ ಜನ ಪಿನ್ ಮೇಲೆ ತಪ್ಪು ಹಾಕ್ತಾರೆ.

ಪಿಕ್ಸೆಲ್_ಪುಟ್ಟ:
ಅಣ್ಣ ಫೈಲ್ ಸ್ಕ್ರೀನಲ್ಲಿ ಮೂರು ಪೈಪ್ ಪಕ್ಕ ಒಂದು ಬಾಂಬ್ ಇದ್ಯಲ್ಲ, ಅದು ಅಳಿಸೋದಕ್ಕೆ, ಪಾಪು ಅದನ್ನ ಮುಟ್ಟಿರ್ಬಹುದಾ? ಮತ್ತೆ ನನ್ ಹತ್ರ 1989ರ ಮೊದಲ್ನೇ ಭಾಗ ಇದೆ, ಅದ್ರಲ್ಲೂ ಸೇವ್ ಆಗ್ತಿಲ್ಲ, ಅದಕ್ಕೂ ಸೆಲ್ ಹಾಕ್ಬೇಕಾ?

ಬೆಸುಗೆ_ಬೆಂಗ್ಳೂರು:
ಪುಟ್ಟ, ಮೊದಲ್ನೇದರಲ್ಲಿ ಸೇವ್ ಅನ್ನೋದೇ ಇಲ್ಲ ಕಣೋ, 12 ಲೆವೆಲ್, ಒಂದೇ ಕೂತಲ್ಲಿ ಮುಗಿಸ್ಬೇಕು, ಅದನ್ನ ಬಿಚ್ಚೋಕೆ ಹೋಗ್ಬೇಡ. ಬಾಂಬ್ ವಿಷ್ಯ ಒಳ್ಳೇ ಪ್ರಶ್ನೆ. ಸರ್, ಹೊಸ ಫೈಲಲ್ಲಿ ಒಂದು ಲೆವೆಲ್ ಆಡಿ, ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ನೀವೇ ಆನ್ ಮಾಡಿ ನೋಡಿ.

ಮಲ್ನಾಡ್_ಮಾರಿಯೋ:
ಮಾಡ್ದೆ, ಹೋಯ್ತು. ಎರಡು ಸಲ ಮಾಡ್ದೆ. ಬಾಂಬ್ ಅಲ್ಲ, ಸೆಲ್ಲೇ. ಈಗ ಬಿಚ್ಚೋದು ಹೇಗೆ? ಸ್ಕ್ರೂ ವಿಚಿತ್ರವಾಗಿದೆ, ನನ್ನ ಹತ್ರ ಇರೋ ಯಾವುದೂ ಕೂರ್ತಿಲ್ಲ.

ಬೆಸುಗೆ_ಬೆಂಗ್ಳೂರು:
ಅದಕ್ಕೆ 3.8 ಎಂಎಂ ಗೇಮ್‌ಬಿಟ್ ಅನ್ನೋ ವಿಶೇಷ ಸ್ಕ್ರೂಡ್ರೈವರ್ ಬೇಕು, ಆನ್‌ಲೈನಲ್ಲಿ ಸಿಗುತ್ತೆ, ಬೆಂಗ್ಳೂರಿಗೆ ಬಂದ್ರೆ ಎಸ್‌ಪಿ ರೋಡಲ್ಲೂ ವಿಚಾರ್ಸಿ. ಪೆನ್ ಕರಗಿಸಿ ಒತ್ತಿ ತಿರುಗಿಸೋ ವಿಡಿಯೋ ನೋಡಿ ಹಾಗೆ ಮಾಡೋಕೆ ಹೋಗ್ಬೇಡಿ, ಸ್ಕ್ರೂ ಹಾಳಾಗುತ್ತೆ. ತೆಗೆದ್ಮೇಲೆ ಮಲ್ಟಿಮೀಟರಲ್ಲಿ ಸೆಲ್ ನೋಡಿ, 2.5 ವೋಲ್ಟ್‌ಗಿಂತ ಕೆಳಗಿದ್ರೆ ಬದಲಾಯಿಸ್ಲೇಬೇಕು. ಹಳೇದರ ಮೇಲೆ ಬರೆದಿರೋ ನಂಬರ್ ನೋಡ್ಕೊಂಡು ಅದೇ ನಂಬರ್ ತಗೊಳ್ಳಿ, ಆದ್ರೆ ವಾಚ್ ಅಂಗಡಿಯ ಬರೀ ಸೆಲ್ ಬೇಡ, ಎರಡೂ ಕಡೆ ತಗಡಿನ ಪಟ್ಟಿ ಅಂಟಿಸಿರೋದು ಬೇಕು. ಸೆಲ್ ಮೈಮೇಲೇ ನೇರವಾಗಿ ಬಿಸಿ ಸೋಲ್ಡರಿಂಗ್ ಐರನ್ ಇಟ್ರೆ ಒಳಗಿನ ಲಿಥಿಯಂ ಕಾದು ಸಿಡಿಬಹುದು, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಬೋರ್ಡ್ ಮೇಲೆ ಪ್ಲಸ್ ಗುರುತು ಇರುತ್ತೆ, ಬಿಚ್ಚೋ ಮುಂಚೆ ಫೋಟೋ ತೆಕ್ಕೊಳ್ಳಿ. ಸೋಲ್ಡರ್ ಅಭ್ಯಾಸ ಇಲ್ದಿದ್ರೆ ಊರಲ್ಲಿ ಟೀವಿ ರಿಪೇರಿಯವರ ಹತ್ರ ಕೊಡಿ, ಅವರಿಗೆ ಐದು ನಿಮಿಷದ ಕೆಲಸ, ಪಕ್ಕದಲ್ಲೇ ನಿಂತು ಪಟ್ಟಿಗೆ ಮಾತ್ರ ಬೆಸುಗೆ ಹಾಕಿ ಅಂತ ಹೇಳಿ.

ಮಲ್ನಾಡ್_ಮಾರಿಯೋ:
ಸರ್ ಆಯ್ತು! ಹಳೇದು 1.1 ತೋರಿಸ್ತು. ರಿಪೇರಿಯವರು ಈ ಥರ ಕ್ಯಾಸೆಟ್ ನೋಡಿ ಇಪ್ಪತ್ತು ವರ್ಷ ಆಯ್ತು ಅಂತ ದುಡ್ಡೇ ತಗೊಳ್ಲಿಲ್ಲ. ನಾಲ್ಕು ದಿನ ಆಯ್ತು, ಫೈಲ್ ಹಾಗೇ ಇದೆ. ಮಗಳು ಈಸಿ ಮೋಡ್ ಬೇಡ ಅಂದ್ಲು, ಮರದ ಬಾಸ್ ಹಕ್ಕಿ, ಕುಂಬಳಕಾಯಿ ಕಡೆಯ ಮಾಟಗಾತಿ ಇಬ್ಬರನ್ನೂ ಮುಗಿಸಿ ಈಗ ಆಕಾಶದಲ್ಲಿ ಅಲ್ಲಿನ ಬಾಸ್ ಟಾಟಾಂಗನ ಹತ್ರ ಸಿಕ್ಕಾಕೊಂಡಿದಾಳೆ. ಹಳೇ ಸೆಲ್ ಏನ್ಮಾಡ್ಲಿ?

ಬೆಸುಗೆ_ಬೆಂಗ್ಳೂರು:
ತುಂಬಾ ಖುಷಿ ಆಯ್ತು ಸರ್. ಸೆಲ್ಲಿಗೆ ಎರಡೂ ಕಡೆ ಟೇಪ್ ಸುತ್ತಿ ಇ-ವೇಸ್ಟ್‌ಗೆ ಕೊಡಿ, ಅಲ್ಲೀತನಕ ಮಗು ಕೈಗೆ ಸಿಗದ ಕಡೆ ಇಡಿ, ನುಂಗಿದ್ರೆ ಪ್ರಾಣಕ್ಕೇ ಅಪಾಯ. ಟಾಟಾಂಗನ ಹತ್ರ ಹೋಗೋ ಮುಂಚೆ ಹಳೇ ಲೆವೆಲ್‌ಗಳಲ್ಲಿ ಲೈಫ್ ತುಂಬಿಸ್ಕೊಳ್ಳೋಕೆ ಹೇಳಿ, ಇಲ್ಲಾಂದ್ರೆ ಗೆದ್ದಿರೋ ಎರಡೂ ಕಾಯಿನ್ ಮತ್ತೆ ಹೋಗುತ್ತೆ.