ಅಪ್‌ಡೇಟ್: ವರ್ಷದ ರೇಸ್ ಕ್ಯಾಲೆಂಡರ್ ಫೈನಲ್ ಆತು ನೋಡ್ರಿ

ಬೆಳಗಾವಿಯಿಂದ ಹೋಗಿಬರಾಕ ಆಗೂವಂಥಾ ಯಾವ ರೇಸ್ ಓಡ್ಲಿ, 10ಕೆ (10 ಕಿ.ಮೀ.) ಮತ್ತ ಹಾಫ್ (ಅರ್ಧ ಮ್ಯಾರಥಾನ್, ಸುಮಾರು 21 ಕಿ.ಮೀ.) ಅಷ್ಟ, ಫುಲ್ ಮ್ಯಾರಥಾನ್ ಬ್ಯಾಡ ಅಂತ ಕೇಳಿದ್ನೆಲ್ಲ, ಉತ್ತರ ಕೊಟ್ಟ ಅಣ್ಣಾರಿಗೆ ಅಕ್ಕಾರಿಗೆ ಎಲ್ಲಾರಿಗೂ ಥ್ಯಾಂಕ್ಸ್ ರೀ. ತಿಂಗಳಿಗೊಂದು ಓಡು ಅಂದೋರ ಮಾತು ಮಾತ್ರ ಕೇಳಿಲ್ಲ, ಎಂಟ್ರಿ ಫೀ ರೊಕ್ಕಾ ಯಾರ ಕೊಡ್ತಾರ!

ಮೇನ್ ರೇಸ್ ಸಾತಾರಾ ಹಿಲ್ ಹಾಫ್. ಹೈವೇ ಹಿಡದ್ರ ನಿಪ್ಪಾಣಿ, ಕೊಲ್ಹಾಪುರ, ಕರಾಡ ದಾಟಿ ಸೀದಾ ಸಾತಾರಾ, ಬೆಂಗಳೂರಿಗಿಂತ ಎಷ್ಟೋ ಹತ್ರ. ಯವತೇಶ್ವರ ಘಾಟ್ ಏರಿ ಕಾಸ್ ರೋಡಿನ ಕಡೆ ಹೋಗಿ ಅದ ದಾರೀಲೆ ಹೊಳ್ಳಿ ಇಳಿಯೂದು, ಅದಕ್ಕ ಇಲ್ಲಿ ಟೈಮ್ ನೋಡಂಗಿಲ್ಲ, ಏರೂದು ಹೆಂಗರೆ ಆಗ್ತೈತಿ ಆದ್ರ ಇಳಿಯೂವಾಗ ತೊಡಿ ಹಿಡಕೊಂಡ್ರ ಮುಗೀತು, ಹಿಂಗಾಗಿ ವಾರಕ್ಕೊಮ್ಮೆ ಇಳಿಜಾರಿನ್ಯಾಗ ಓಡೂದನ್ನೂ ಪ್ಲ್ಯಾನಿನ್ಯಾಗ ಹಾಕೇನಿ. ಮಳಿ ಬಂದ್ರೂ ಚಿಂತಿಲ್ಲ, ನಮ್ಮೂರಾಗ ಆಷಾಢ ಶ್ರಾವಣ ಪೂರ್ತಿ ತೋಯಿಸ್ಕೊಂಡ ಓಡೂದು ಇದ್ದದ್ದ ಐತಿ.

ಟೈಮ್ ಸಲುವಾಗಿ ಬೆಂಗಳೂರಿನ ವರ್ಲ್ಡ್ 10ಕೆ, ಇತ್ತೀಚಿಗೆ ಏಪ್ರಿಲ್ ಕೊನಿಗೆ ಮಾಡಾಕತ್ತಾರ. ಇಲ್ಲಿ ಬ್ಯಾಸಿಗಿ ಬಿಸಲಿಗೆ ಬೆಳಿಗ್ಗೆ ಜಲ್ದಿ ಎದ್ದು ಸ್ಪೀಡ್ ವರ್ಕೌಟ್ ಮುಗಿಸಬೇಕು, ಅದೊಂದ ತ್ರಾಸು.

ಡಿಸೆಂಬರ್‌ಗೆ ವಿಜಯಪುರದ ವೃಕ್ಷಥಾನ್, 21ಕೆ. ಥಂಡಿ ಹವಾ, ಮನ್ಯಾಗಿನವರಿಗೂ ಗೋಳಗುಮ್ಮಟ ನೋಡಿದಂಗಾತು, ನನಗೂ ಬೈಗುಳ ಕಮ್ಮಿ.

ಜನವರಿ, ಫೆಬ್ರವರಿ ಬೇಕಂತನ ಖಾಲಿ ಬಿಟ್ಟೇನಿ. ವಿಜಯಪುರದೋರು ಯಾರರೆ ಇದ್ರ ಹಾಫ್ ರೂಟ್‌ನ್ಯಾಗ ಏರ ಎಲ್ಲೆಲ್ಲಿ ಬರ್ತೈತಿ ಅಷ್ಟ ಹೇಳ್ರಿ.