ಕಂಪೈಲರ್ ಕೊಟ್ಟ ಹಳೆಯ ಕಡತಗಳನ್ನು ಡೆನೋಗೆ ಹೊಂದಿಸುವುದು ಹೇಗೆ?

ಹಾಸುಹೊಕ್ಕು, ಇಳಕಲ್:
ನಮ್ಮದು ಹನ್ನೊಂದು ಮಗ್ಗಗಳ ಮನೆ. ಯಾವ ನೇಕಾರರಿಗೆ ಎಷ್ಟು ನೂಲು ಕೊಟ್ಟೆವು, ಎಷ್ಟು ಸೀರೆ ಬಂದವು ಎಂಬ ಲೆಕ್ಕಕ್ಕೆ 2022ರಲ್ಲಿ ಟೈಪ್‌ಸ್ಕ್ರಿಪ್ಟ್‌ನಲ್ಲಿ ಪ್ರೋಗ್ರಾಂ ಬರೆದಿದ್ದೆ. ಅಪ್ಪ ಪ್ರತಿ ಸಂಜೆ ಅದರಲ್ಲೇ ಬರೆದಿಡುತ್ತಾರೆ. ನನ್ನ ಹಾರ್ಡ್ ಡಿಸ್ಕ್ ಕೆಟ್ಟು ನಾನು ಬರೆದ ಮೂಲ ಕಡತಗಳೆಲ್ಲ ಹೋದವು. ಕಂಪೈಲರ್ ಅವುಗಳಿಂದ ಮಾಡಿಕೊಟ್ಟ 36 ಜಾವಾಸ್ಕ್ರಿಪ್ಟ್ ಕಡತಗಳಷ್ಟೇ ಅವರ ಕಂಪ್ಯೂಟರಿನಲ್ಲಿ ಉಳಿದಿವೆ.

ಅವನ್ನು ಡೆನೋದಲ್ಲಿ (ಜಾವಾಸ್ಕ್ರಿಪ್ಟ್, ಟೈಪ್‌ಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ನಡೆಯುವ ಇಎಸ್ ಮಾಡ್ಯೂಲ್‌ಗಳಾಗಿಸಬೇಕು, ಅಂದರೆ ‘ಇಂಪೋರ್ಟ್’, ‘ಎಕ್ಸ್‌ಪೋರ್ಟ್’ ಬಳಸುವ ಹೊಸ ರೂಪಕ್ಕೆ ತರಬೇಕು. ಒಂದು ಕಡತ ಇನ್ನೊಂದನ್ನು ಕರೆಸಿಕೊಳ್ಳುವ ಹಳೆಯ ‘ರಿಕ್ವೈರ್’ ಇದ್ದಲ್ಲೆಲ್ಲ ‘ಇಂಪೋರ್ಟ್’ ಹಾಕಿದೆ. ‘ಎಕ್ಸ್‌ಪೋರ್ಟ್ಸ್’ ಎಂಬುದೇ ಇಲ್ಲವೆಂದು ಮೊದಲ ಕಡತದಲ್ಲೇ ನಿಂತಿತು. ಇನ್ನೊಂದು ಪ್ರಶ್ನೆ. ‘ಲೆಕ್ಕ’ ಎಂದಷ್ಟೇ ಬರೆದಿದ್ದ ಕರೆ ಈಗ (0, ನೂಲು_1.ಲೆಕ್ಕ) ಎಂದಾಗಿದೆ. ಆ ಸೊನ್ನೆಯನ್ನು ತೆಗೆಯಬಹುದೇ? ಅಪ್ಪನ ಲೆಕ್ಕ ತಪ್ಪೀತೆಂಬ ಹೆದರಿಕೆ ನನಗೆ.

ಗೋಡೆಯೂರು, ವಿಜಯಪುರ:
ತಮ್ಮಾ, ಮೊದಲು ಮ್ಯಾಪ್ ಕಡತಗಳು (ಕಂಪೈಲ್ ಆದ ಸಾಲು ಮೂಲದ ಯಾವ ಸಾಲಿನದೆಂದು ಹೇಳುವವು) ಉಳಿದಿವೆಯೇ ನೋಡು. ಅವುಗಳಲ್ಲಿ ‘ಸೋರ್ಸಸ್‌ಕಂಟೆಂಟ್’ ಇದ್ದರೆ ನಿನ್ನ ಮೂಲ ಟೈಪ್‌ಸ್ಕ್ರಿಪ್ಟ್ ಅಕ್ಷರಶಃ ಅಲ್ಲೇ ಕುಳಿತಿದೆ. ಡೆನೋ ಅದನ್ನು ನೇರವಾಗಿಯೇ ಓಡಿಸುತ್ತದೆ. ಇಂಪೋರ್ಟ್ ದಾರಿಗಳಿಗೆ ‘.ಟಿಎಸ್’ ಸೇರಿಸಬೇಕು, ಅಷ್ಟೇ.

ಹಾಸುಹೊಕ್ಕು, ಇಳಕಲ್:
ಮ್ಯಾಪ್ ಇದೆ ಅಣ್ಣಾ, ಆದರೆ ಒಳಗೆ ಮೂಲವಿಲ್ಲ. ಮೂಲವನ್ನು ಮ್ಯಾಪ್‌ನೊಳಗೆ ಇಡುವ ‘ಇನ್‌ಲೈನ್‌ಸೋರ್ಸಸ್’ ಆಯ್ಕೆಯನ್ನು ಅಂದು ನಾನು ಹಾಕಿರಲಿಲ್ಲ.

ಕೋಟೆಕೆರೆ, ಬೆಳಗಾವಿ:
ಹಾಗಾದರೆ ಒಟ್ಟಿಗೆ ಬದಲಿಸಲು ಹೋಗಬೇಡಿ. ಪ್ರೋಗ್ರಾಂನ ವಿವರವಿರುವ ಪ್ಯಾಕೇಜ್.ಜೇಸನ್ ಕಡತದಲ್ಲಿ ‘ಟೈಪ್’ ಎಂಬಲ್ಲಿ ‘ಕಾಮನ್‌ಜೆಎಸ್’ (‘ರಿಕ್ವೈರ್’ ಬಳಸುವ ಹಳೆಯ ರೂಪದ ಹೆಸರು) ಎಂದು ಬರೆಯಿರಿ. ಡೆನೋ 2 ಆ 36 ಕಡತಗಳನ್ನು ಹಳೆಯ ರೂಪದಲ್ಲೇ ಓದುತ್ತದೆ, ಅಪ್ಪನವರ ಕೆಲಸ ನಿಲ್ಲುವುದಿಲ್ಲ. ಆಮೇಲೆ ಎಲ್ಲವನ್ನೂ ಕರೆಯುವ ಮುಖ್ಯ ಕಡತದಿಂದ ಆರಂಭಿಸಿ ಒಂದೊಂದಾಗಿ ಇಎಸ್ ಮಾಡ್ಯೂಲ್ ಆಗಿಸಿ, ಹೆಸರಿನ ಕೊನೆಗೆ ‘.ಎಂಜೆಎಸ್’ ಹಾಕುತ್ತ ಒಳಕ್ಕೆ ಬನ್ನಿ. ಹೊಸ ಮಾಡ್ಯೂಲ್ ಹಳೆಯದನ್ನು ಇಂಪೋರ್ಟ್ ಮಾಡಿಕೊಳ್ಳಬಲ್ಲದು. ಕಡತ ಓದಿ ಬರೆಯುವ ‘ಎಫ್‌ಎಸ್’ ಇದ್ದಲ್ಲಿ ‘ನೋಡ್:ಎಫ್‌ಎಸ್’ ಎನ್ನಿ; ಕಡತವಿರುವ ಫೋಲ್ಡರನ್ನು ಹೇಳುವ ‘__ಡಿರ್‌ನೇಮ್’ ಬದಲು ‘ಇಂಪೋರ್ಟ್.ಮೆಟಾ.ಡಿರ್‌ನೇಮ್’.

ಸೊನ್ನೆಯ ವಿಷಯ: ಚುಕ್ಕೆ ಹಾಕಿ ಕರೆದರೆ ಚುಕ್ಕೆಯ ಎಡಗಡೆಯ ವಸ್ತು ಫಂಕ್ಷನ್ನಿನೊಳಗೆ ‘ದಿಸ್’ ಆಗಿಬಿಡುತ್ತದೆ. ಹಾಗಾಗದಿರಲೆಂದೇ ಕಂಪೈಲರ್ ಸೊನ್ನೆ ಮತ್ತು ಅಲ್ಪವಿರಾಮ ಇಟ್ಟಿದೆ. ‘ಲೆಕ್ಕ’ವನ್ನು ಹೆಸರು ಹಿಡಿದು ಇಂಪೋರ್ಟ್ ಮಾಡಿ ನೇರವಾಗಿ ಕರೆದರೆ ಸೊನ್ನೆ ಬೇಡ. ಆದರೆ ‘ನೂಲು_1’ ಉಳಿಸಿಕೊಂಡು ಸೊನ್ನೆಯೊಂದನ್ನೇ ಅಳಿಸಬೇಡಿ.

ಹಾಸುಹೊಕ್ಕು, ಇಳಕಲ್:
ಹಾಗೆಯೇ ಮಾಡಿದೆ ಸರ್. ನಮ್ಮಲ್ಲಿ ಸೀರೆಯ ಒಡಲಿನ ಹಾಸನ್ನು (ಉದ್ದದ ಎಳೆಗಳನ್ನು) ಸೆರಗಿನ ಹಾಸಿನೊಂದಿಗೆ ಕೊಂಡಿ ಹಾಕಿ ಎಳೆ ಎಳೆಯಾಗಿಯೇ ಸೇರಿಸುತ್ತಾರೆ. ನಾನು ಕುಳಿತದ್ದೂ ಹಾಗೆಯೇ. ಇಂದಿಗೆ ಒಂಬತ್ತು ಕಡತ ಮುಗಿದವು. ಪ್ರತಿ ಕಡತ ಬದಲಾದ ಮೇಲೂ ಮಾರ್ಚ್ ತಿಂಗಳ ನೂಲಿನ ಲೆಕ್ಕ ತೆಗೆದು ಅಪ್ಪನ ಕೆಂಪು ವಹಿಯೊಂದಿಗೆ ಹೋಲಿಸಿದೆ. ಗ್ರಾಂ ಸಹ ಹೊಂದುತ್ತಿದೆ. ಉಳಿದ 27 ನಾಳೆಯಿಂದ.